ಕಂಪ್ರೆಸರ್ ಪಕ್ಕದ ಕುರ್ಚಿ

ಎಪ್ಪತ್ತರ ದಶಕದ ನಡುವೆ ನಾನು ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನನಗೆ ಅಲ್ಲಿ ವಾದಿಸಲು ಜನವೇ ಇರಲಿಲ್ಲ. ಮಲಯಾಳಂ ಬಾರದು. ಲಾಡ್ಜಿನಲ್ಲಾಗಲಿ ಬಸ್ಸಿನಲ್ಲಾಗಲಿ, ಯಾರು ಏನೆಂದರೂ ತಲೆಯಾಡಿಸುತ್ತಿದ್ದೆ.

ಆಗ ಕೊಚ್ಚಿಯ ಹೊರವಲಯದ ಕಾರ್ಖಾನೆಯೊಂದಕ್ಕೆ ಕಿವಿ ಪರೀಕ್ಷೆಗೆಂದು ಕಳಿಸಿದರು. ಸೌಂಡ್‌ಪ್ರೂಫ್ ಬೂತ್ ಇಲ್ಲ. ಕಂಪ್ರೆಸರ್ ಮನೆಗೆ ಅಂಟಿದ ಕೋಣೆಯಲ್ಲಿ ಒಂದು ಕುರ್ಚಿ, ಮೇಜಿನ ಮೇಲೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ನನ್ನ ಆಡಿಯೋಮೀಟರ್.

ಅಣ್ಣನೆಂಬಂತೆ ಎಲ್ಲರೂ 'ಚೇಟ್ಟನ್' ಎನ್ನುತ್ತಿದ್ದ ವರ್ಗೀಸ್ ಆ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದರು. ಕಿವಿ ಮಂದವಾಗುತ್ತಿದೆ, ಉಳಿದದ್ದಾದರೂ ಉಳಿಯಲಿ, ಬೇರೆ ಕಡೆ ಹಾಕಿ ಎಂದು ಅರ್ಜಿ ಕೊಟ್ಟಿದ್ದರು. 500 ಹರ್ಟ್ಸ್‌ನ ತಗ್ಗು ದನಿ ಮೊದಲ ದಿನ ಅವರಿಗೆ ಕೇಳಿಸಿದ್ದು 40 ಡೆಸಿಬೆಲ್‌ಗೆ, ಮರುದಿನ 20ಕ್ಕೇ. ಅಂಕಿ ಕಡಿಮೆಯಾದಷ್ಟೂ ಕಿವಿ ಚುರುಕು ಎಂದರ್ಥ.

ಕಾರ್ಖಾನೆಯ ಡಾಕ್ಟರು ನಕ್ಕು ಇಂಗ್ಲಿಷಿನಲ್ಲಿ ಅಂದರು: "ದಿನಕ್ಕೊಂದು ಕಿವಿ ಹಾಕ್ಕೊಂಡು ಬರ್ತಾನೇನ್ರೀ? ನಾಟಕ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸ್ತಾನೆ, ಕೇಳಿಸದೇ ಇದ್ರೆ ಹೇಗೆ?"

"ತಲೆಯಾಡಿಸೋದೇ ಸಾಕ್ಷಿಯಾದರೆ ನನಗೆ ಮಲಯಾಳಂ ಬರತ್ತೆ ಅಂತಾಯ್ತು ಸರ್."

ಮೊದಲ ದಿನ ಕಂಪ್ರೆಸರ್ ಓಡುತ್ತಿತ್ತು. ಮರುದಿನ ರಿಪೇರಿಗೆಂದು ನಿಲ್ಲಿಸಿದ್ದರು. ಇಯರ್‌ಫೋನಿನ ಮೆತ್ತೆ ತಗ್ಗು ಸದ್ದನ್ನು ತಡೆಯದು. ಆದರೆ ಹೇಳಿದರೆ ಸಾಲದು, ಪುರಾವೆ ಬೇಕು. ಆಡಿಯೋಮೀಟರನ್ನು ಡಾಕ್ಟರ ಕೈಗೆ ಕೊಟ್ಟು ಅದೇ ಕುರ್ಚಿಯಲ್ಲಿ ನಾನು ಕೂತೆ. ಕಂಪ್ರೆಸರ್ ನಿಂತಿದ್ದಾಗ ನನ್ನದು 5. ಸಂಜೆ ಅದು ಓಡತೊಡಗಿದ ಮೇಲೆ 35.

"ಈಗ ನಾಟಕ ಯಾರದ್ದು ಸರ್?"

ಆ ಗದ್ದಲ ಮುಟ್ಟದ, 4000 ಹರ್ಟ್ಸ್‌ನ ಕೀಚಲು ದನಿಯಲ್ಲಿ ಚೇಟ್ಟನ್‌ಗೆ ಎರಡೂ ದಿನ 65. ಕಾರ್ಖಾನೆಯ ಸದ್ದು ಕಿವಿಯನ್ನು ಮೊದಲು ತಿನ್ನುವುದು ಅಲ್ಲೇ. ಡಾಕ್ಟರು ನನ್ನ ವರದಿಗೆ ಸಹಿ ಹಾಕಿದರು.

ಕೆಲವು ತಿಂಗಳ ಮೇಲೆ ಮತ್ತೆ ಹೋದಾಗ ಚೇಟ್ಟನ್ ಸದ್ದಿಲ್ಲದ ಸ್ಟೋರಿಗೆ ವರ್ಗವಾಗಿದ್ದರು. ಊಟದ ಹೊತ್ತು. ಉಳಿದವರು ಹರಟುತ್ತಿದ್ದರೆ ಅವರು ಬೆಂಚಿನ ತುದಿಯಲ್ಲಿ ಕೂತು ತಲೆಯಾಡಿಸುತ್ತಿದ್ದರು. ನನ್ನ ಹರುಕು ಮಲಯಾಳದಲ್ಲಿ, ಅವರ ಕಿವಿಯ ಹತ್ತಿರ ಬಾಗಿ, ಸುಖವೇ ಎಂದೆ.

"ಕಿವಿಗೆ ಸುಖ, ಸಾರೇ. ಅಲ್ಲಿ ಕಂಪ್ರೆಸರ್ ಹತ್ತಿರ ಯಾರಿಗೂ ಏನೂ ಕೇಳಿಸ್ತಿರಲಿಲ್ಲ. ಬೈಯೋದು, ಗೇಲಿ ಮಾಡೋದು ಎಲ್ಲ ಕೈಯಲ್ಲೇ. ಇಲ್ಲಿ ಕಿವುಡ ನಾನೊಬ್ಬನೇ."

ಇವತ್ತಾದರೂ ಅದೇ ವರದಿ ಬರೆಯುತ್ತೇನೆ, ಅದರಲ್ಲಿ ತಪ್ಪಿಲ್ಲ. ಆದರೆ ಪರೀಕ್ಷೆಗೆ ಮೊದಲು ಕೋಣೆಯ ಸದ್ದನ್ನು ಬರೆದುಕೊಳ್ಳುವ ನಾನು, ಪರೀಕ್ಷೆಯಾದ ಮೇಲೆ ಈ ಮನುಷ್ಯ ಯಾರ ನಡುವೆ ಕೂರುತ್ತಾನೆ ಎಂದು ಕೇಳುವುದನ್ನು ಕಲಿತದ್ದು ಆ ಬೆಂಚಿನಲ್ಲಿ.

ಚೇಟ್ಟನ್ ಐದು ಬೆರಳು ಕೂಡಿಸಿ ಬಾಯಿಗೆ ತಂದು ತೋರಿಸಿದರು: ಊಟ? ನಾನು ತಲೆಯಾಡಿಸಲಿಲ್ಲ. ಅದೇ ಸನ್ನೆ ಮಾಡಿ, ಪಕ್ಕದಲ್ಲಿ ಕೂತೆ.