ಅಟ್ಟದ ಮೂಲೆಯ ಮಾಟದ ಕಾಯಿ

ಬಿಳಿಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿ ಕೂಡಲೇ ಬರಲು ಹೇಳಿದಾಗ ನಾನು ತಿಪಟೂರಿನಲ್ಲಿ ಕೊಬ್ಬರಿ ದರದ ಸುದ್ದಿ ಬರೆಯುತ್ತಿದ್ದೆ. ಮಾಟದ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಪತ್ರಿಕೆಯಲ್ಲಿ ಒಮ್ಮೆ ಬರೆದಿದ್ದರಿಂದ ಮನೆಯವರು ನನ್ನನ್ನು ಆ ವಿಷಯದ ತಜ್ಞನೆಂದು ತಿಳಿದಿದ್ದರು.

ಚಿಕ್ಕಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಎದುರಿನ ಮೊರದಲ್ಲಿ ಒಂದು ತೆಂಗಿನಕಾಯಿ. ಅದಕ್ಕೆ ಕಪ್ಪು ಬಟ್ಟೆ ಸುತ್ತಿ, ಮೊಳೆ ಹೊಡೆದು, ಕುಂಕುಮ ಮೆತ್ತಲಾಗಿತ್ತು. ಕೊಬ್ಬರಿಗೆಂದು ಕಾಯಿ ಒಣಗಿಸುವ ಅಟ್ಟಕ್ಕೆ ಅವರು ಹತ್ತುವುದೇ ಅಪರೂಪ. ಅದು ಚಿಕ್ಕಮ್ಮನ ಕೆಲಸ. ಅವತ್ತು ಇಲಿ ಓಡಿಸಲು ಹತ್ತಿದವರಿಗೆ ಮೂಲೆಯಲ್ಲಿ ಇದು ಸಿಕ್ಕಿತ್ತು. ಜ್ವರ ಬಂದಿದೆ ಎಂದರು. ಮುಟ್ಟಿ ನೋಡಿದೆ, ಬಂದಿರಲಿಲ್ಲ.

ಚಿಕ್ಕಮ್ಮ ತೋಟದಿಂದ ಬರುತ್ತಿದ್ದಂತೆ ಅವರು ಕೈಮುಗಿದುಬಿಟ್ಟರು. ತುರುವೇಕೆರೆಯ ಟೈಲರ್ ಹೆಂಗಸಿನ ಜೊತೆಗಿದ್ದ ಸಂಬಂಧ, ಸಂತೆಗೆಂದು ಹೇಳಿ ಅಲ್ಲಿಗೆ ಹೋದದ್ದು, ಕೊಡಿಸಿದ ಸೀರೆ, ಎಲ್ಲವನ್ನೂ ಯಾರೂ ಕೇಳದೆಯೇ ಹೇಳಿದರು. ಇನ್ನು ಬರುವುದಿಲ್ಲ ಎಂದಿದ್ದಕ್ಕೆ ಅವಳೇ ಮಾಟ ಮಾಡಿಸಿದ್ದಾಳೆ, ಬಟ್ಟೆಯೂ ಅವಳ ಅಂಗಡಿಯದ್ದೇ ಎಂದರು. ಇಷ್ಟು ಪೂರ್ತಿಯಾದ ತಪ್ಪೊಪ್ಪಿಗೆಯನ್ನು ನಾನು ಪೊಲೀಸ್ ಠಾಣೆಯಲ್ಲೂ ಕೇಳಿಲ್ಲ.

ಚಿಕ್ಕಮ್ಮ ಕಾಯಿಯನ್ನು ತಿರುಗಿಸಿ ನೋಡಿದರು.

"ಇದು ನಾನ್ ಕಟ್ಟಿದ್ದು ಕಣ್ರೀ. ಹಳೇ ಕಾಯಿ ಇಲ್ಲಿಗೆ ಮುಗೀತು, ಆಚೆ ಹೊಸವು ಅಂತ ಗುರುತಿಗೆ. ಬಟ್ಟೆ ಜಾರ್ತಿತ್ತು, ಮೊಳೆ ಹೊಡ್ದೆ."

"ಕುಂಕುಮ?" ಚಿಕ್ಕಪ್ಪನ ದನಿ ಸಣ್ಣಗಾಗಿತ್ತು.

"ಆಯುಧಪೂಜೇಲಿ ನಿಮ್ ಸ್ಕೂಟ್ರಿಗೂ ಇಕ್ಕಿದ್ನಲ್ಲ."

ಬಟ್ಟೆಯ ವಿಷಯದಲ್ಲಿ ಮಾತ್ರ ಚಿಕ್ಕಪ್ಪನ ಊಹೆ ಸರಿಯಾಗಿತ್ತು. ಅವರೇ ಒತ್ತಾಯ ಮಾಡಿ ಆ ಅಂಗಡಿಯಲ್ಲಿ ಹೊಲಿಸಿದ್ದ ರವಿಕೆ ಅದು. ತೋಳೇ ಏರದೆ ಚಿಕ್ಕಮ್ಮ ಹರಿದು ಹಾಕಿದ್ದರು.

"ಅಳತೆ ರವಿಕೆ ಕೊಟ್ರೂ ನೆಟ್ಟಗೆ ಹೊಲೀದೋಳು," ಎಂದರು ಚಿಕ್ಕಮ್ಮ. "ಹೋಗಿ ಹೋಗಿ ಅವಳೇ ಸಿಕ್ಕಿದ್ಲಾ ನಿಮ್ಗೆ?"

ಆಮೇಲೆ ಚಿಕ್ಕಮ್ಮ ಬಟ್ಟೆಯ ಗಂಟು ಕಟ್ಟಿದರು. ಸಂಜೆ ಬಸ್ಸಿಗೆ ಹಂದನಕೆರೆಯ ತವರಿಗೆ ಹೊರಟುಹೋದರು. ಹೆಂಡತಿ ಬರುತ್ತಾಳೋ ಇಲ್ಲವೋ ಎಂದು ಚಿಕ್ಕಪ್ಪ ದಿನವೂ ಬಸ್ ನಿಲ್ದಾಣದಲ್ಲಿ ಕೂರತೊಡಗಿದರು. ಅಟ್ಟದಿಂದ ಕಾಯಿ ಇಳಿಸುವ ಹೊತ್ತಿಗೆ ಚಿಕ್ಕಮ್ಮ ಬಂದರು. ಬಂದದ್ದು ಕೊಬ್ಬರಿಗೋಸ್ಕರ ಎಂಬುದನ್ನು ನಿಲ್ದಾಣದಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದರು.

ಅಟ್ಟ ಖಾಲಿಯಾಯಿತು. ಅದೊಂದು ಕಾಯಿಯನ್ನು ಮಾತ್ರ ಒಡೆಯಲು ಬಿಡದೆ, ಬಾಗಿಲ ಪಕ್ಕ ಕಪ್ಪು ಬಟ್ಟೆಯ ಸಮೇತ ನೇತುಹಾಕಿದರು. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆ. ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು ಹೊರಟಾಗ ಚಿಕ್ಕಮ್ಮ ಎಲ್ಲಿಗೆಂದು ಕೇಳುವುದಿಲ್ಲ. ಕಾಯಿಯನ್ನು ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಸದ್ದಾಗುತ್ತದೆ.

ಅದು ಮಾಟವಲ್ಲವೆಂದು ಚಿಕ್ಕಪ್ಪನಿಗೆ ಗೊತ್ತು. ಆದರೂ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ.