ಸಪ್ಪಳ ಮಾಡದ ಗಂಟೆ

ಅವನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಗಾಯದ ಕಲೆಯಲ್ಲ, ಬಂಡಿಯ ಜಾಡಿನಂಥ ತಗ್ಗು. ಒದ್ದೆ ಬೆತ್ತದ ಸೀಳನ್ನು ವರ್ಷಗಟ್ಟಲೆ ಅದೇ ಜಾಗದಲ್ಲಿ ಒತ್ತಿ ಎಳೆದದ್ದರಿಂದ ಮೂಡಿದ್ದು. ಮಾತನಾಡುವಾಗ ಆ ತಗ್ಗನ್ನು ತೋರುಬೆರಳಿನಿಂದ ತೀಡುತ್ತಲೇ ಇರುತ್ತಿದ್ದ. ನಾನು ಈಗ ಕೂತು ಬರೆಯುತ್ತಿರುವ ಕುರ್ಚಿಯ ಪ್ರತಿ ಎಳೆಯೂ ಆ ತಗ್ಗಿನೊಳಗಿಂದ ಹಾದು ಬಂದದ್ದು.

ಅವನು ಕುರ್ಚಿ ಹೆಣೆಯುವವನು. ಗಬ್ಬೂರಿನ ಕೂಲಿಕಾರರ ಮನೆಯ ಮಗ. ಎರಡು ವರ್ಷದವನಿದ್ದಾಗಲೇ ಕಣ್ಣುಗಳು ಹೋಗಿದ್ದವು. ಅಂಧ ಮಕ್ಕಳ ಶಾಲೆಯೊಂದರಲ್ಲಿ ಬ್ರೈಲ್ ಮತ್ತು ಬೆತ್ತದ ಕೆಲಸ ಕಲಿತು, ರಾಯಚೂರಿನ ಕಚೇರಿಗಳ ಕುರ್ಚಿ ಹೆಣೆಯುತ್ತಿದ್ದ. ನಾನು ಅದೇ ಊರಿನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದೆ. ಒಂದು ದಿನ ನನ್ನ ಎಂಟು ಕುರ್ಚಿಗಳನ್ನು ಹೆಣೆಯಲು ಬಂದವನು, ಮೂರು ದಿನ ಮೂಲೆಯಲ್ಲಿ ಕೂತು ಯಂತ್ರಗಳ ಸದ್ದು ಕೇಳಿ, ನಾಲ್ಕನೆಯ ದಿನ ಹೇಳಿದ:

"ಸರ, ಕಿಟಕಿ ಕಡಿಗೆ ಕೂತ ಹುಡುಗಿ ಎಡಗೈ ಕಿರುಬೆರಳು ಬಳಸವಲ್ಲಳು ನೋಡ್ರಿ. ಆ ಬೆರಳಿನ ಅಕ್ಷರ ಬಂದಾಗೆಲ್ಲ ಸಪ್ಪಳ ತಡಾ ಆಗ್ತದ."

ಹೋಗಿ ನೋಡಿದೆ. ಹೌದು. ಆ ಸಂಜೆಯೇ ಅವನನ್ನು ಯಂತ್ರದ ಮುಂದೆ ಕೂರಿಸಿದೆ. ಕೀಲಿಗಳನ್ನು ನೋಡದೆ ಬಡಿಯಲು ಕಲಿಯಲೆಂದು ನಾನು ಎಲ್ಲರ ಕೈಮೇಲೆ ಬಟ್ಟೆ ಹೊದಿಸುತ್ತಿದ್ದೆ. ಅಭ್ಯಾಸಬಲದಿಂದ ಅವನಿಗೂ ಹೊದಿಸಲು ಹೋದೆ.

"ಬಟ್ಟಿ ಬ್ಯಾಡ್ರಿ ಸರ," ಅಂದ. "ದೇವ್ರು ಮದಲೇ ಹೊದಿಸ್ಯಾನ."

ಇಡೀ ಶಾಲೆ ನಕ್ಕಿತು. ನಗದವನು ನಾನೊಬ್ಬನೇ. ನನ್ನ ಶಾಲೆಯಲ್ಲಿ ನಗುವುದಕ್ಕೆ ವೇಳೆ ಇರಲಿಲ್ಲ. ನನ್ನ ತಂದೆ ಮಾನ್ವಿಯಲ್ಲಿ ದೇವಸ್ಥಾನದ ಸೇವೆಯಲ್ಲಿದ್ದರು. ಬೆಳಗಿನ ನಾಲ್ಕಕ್ಕೆ ಏಳುವುದು, ನಾಲ್ಕೂಕಾಲಿಗೆ ಬಾವಿ, ಐದಕ್ಕೆ ಗರ್ಭಗುಡಿಯ ಬಾಗಿಲು. ಆ ಶಿಸ್ತಿನಲ್ಲಿ ಬೆಳೆದ ನನಗೆ ಗಡಿಯಾರ ಅಂದರೆ ಮನೆಯ ಹಿರಿಯರಿದ್ದಂತೆ. ಶಾಲೆಯ ಗೋಡೆಗೆ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿದ್ದೆ. ವೇಗದ ಪರೀಕ್ಷೆ ಹತ್ತು ನಿಮಿಷ. ಹತ್ತಾದೊಡನೆ ಗಂಟೆ ಬಡಿಯುತ್ತಿದ್ದೆ, ಬಡಿದೊಡನೆ ನಾನೇ ಮೊದಲು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತುತ್ತಿದ್ದೆ. ಎಲ್ಲರ ಕೈಗಳೂ ಕೀಲಿಗಳಿಂದ ಮೇಲೇಳಬೇಕು. ಗಂಟೆಯ ನಂತರ ಒಂದಕ್ಷರ ಬಿದ್ದರೂ ಹಾಳೆ ರದ್ದು. ಅಳುತ್ತಾ ನಿಂತವರಿಗೆ ನನ್ನ ಉತ್ತರ ಒಂದೇ: "ನಿಯಮ ಅಂದ್ರ ನಿಯಮ." ಇನ್ನೊಂದು ಮಾತನ್ನೂ ಹೇಳುತ್ತಿದ್ದೆ: "ಪರೀಕ್ಷಾ ನಡದಾಗ ಮಾಸ್ತರನ್ನ ಏನೂ ಕೇಳಬಾರದು."

ಅವನು ಸರ್ಕಾರಿ ಟೈಪಿಂಗ್ ಪರೀಕ್ಷೆಗೆ ಕೂತಾಗ ಅರ್ಜಿಯನ್ನು ನಾನೇ ತುಂಬಿದೆ. ಕಣ್ಣಿಲ್ಲದವರಿಗೆ ಹೆಚ್ಚಿನ ಸಮಯ ಬೇಕೇ ಎಂದು ಒಂದು ಅಂಕಣವಿತ್ತು. ಅವನನ್ನು ಕೇಳದೆ 'ಬೇಕಾಗಿಲ್ಲ' ಎಂದು ಬರೆದೆ. ಬರೆದ ಮೇಲೆ ಓದಿ ಹೇಳಿದೆ. ಹೆಬ್ಬೆರಳನ್ನು ತೀಡುತ್ತಾ, "ನೀವು ಬರದೀರಂದ್ರ ಬ್ಯಾಡ ಬಿಡ್ರಿ ಸರ," ಅಂದ. ಪಾಸಾದ, ಅದೂ ಮೊದಲ ದರ್ಜೆಯಲ್ಲಿ. ಮುಂದೆ ಎಷ್ಟೋ ವರ್ಷ ಈ ಕತೆಯನ್ನು ನನ್ನ ವಿದ್ಯಾರ್ಥಿಗಳಿಗೆ ಎದೆಯುಬ್ಬಿಸಿ ಹೇಳಿದೆ. ಅವನೆದುರಿಗೂ ಹೇಳಿದೆ.

ಟೈಪ್‌ರೈಟರುಗಳ ಕಾಲ ಮುಗಿಯಿತು. ನಾನು ಕಂಪ್ಯೂಟರ್ ತಂದೆ. ಐವತ್ತೈದು ದಾಟಿದ ಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಪತ್ರಕ್ಕೆ ಅಂಚು ಬಿಡುವುದು, ತಲೆಬರಹ ಹಾಕುವುದು ಗೊತ್ತಿದ್ದವನಿಗೆ ಅದು ಹೊಸ ವಿದ್ಯೆಯೇನೂ ಅಲ್ಲ ಎಂದುಕೊಂಡಿದ್ದೆ. ಅವನೂ ಕಲಿತ, ನನಗಿಂತ ಬೇಗ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಕೊಂಡು, ಆ ದನಿಯ ವೇಗವನ್ನು ಏರಿಸುತ್ತಾ ಹೋದ. ಕೊನೆಗೆ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವನು ತಲೆ ವಾಲಿಸಿ ಕೇಳುತ್ತಾ ಕೂರುತ್ತಿದ್ದ. ಕೂರುವ ಮೊದಲು ಮಾನಿಟರನ್ನು ಆರಿಸಿಬಿಡುತ್ತಿದ್ದ. "ಸುಮ್ನ ದೀಪ ಯಾಕ ಸುಡಬೇಕು ಸರ?" ಕಪ್ಪು ಗಾಜಿನ ಹಿಂದಿನಿಂದ ದನಿ ಬರುತ್ತಿತ್ತು, ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು.

ಪ್ರತಿ ತಿಂಗಳ ಕೊನೆಯ ಶನಿವಾರ ಗಬ್ಬೂರಿನ ಬಸ್ಸಿಗೆ ಬಂದು, ನಾನು ಮಾಡಿದ ಪುಟಗಳನ್ನು ಪರೀಕ್ಷಿಸಿ, ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಮತ್ತು ಮಿರ್ಚಿ ತಿಂದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಮೊದಲ ಸಲದ ಪರೀಕ್ಷೆಯನ್ನು ಮರೆಯಲಾರೆ.

"ಸರ, ನಿಮ್ಮ ಪುಟಕ್ಕ ತಲಿಬರಹನ ಇಲ್ಲಲ್ರಿ?"

"ಅಷ್ಟು ದೊಡ್ಡದಾಗಿ ಹಾಕೀನಿ, ಕಾಣಂಗಿಲ್ಲೇನು?" ಅಂದುಬಿಟ್ಟೆ.

"ಕಾಣಂಗಿಲ್ರಿ," ಅಂದ, ನಗುತ್ತಾ. ಅಕ್ಷರವನ್ನು ದಪ್ಪ ಮಾಡಿದರೆ ಕಣ್ಣಿಗೆ ಮಾತ್ರ ಅದು ತಲೆಬರಹ. ಯಂತ್ರಕ್ಕೂ ಇದು ತಲೆಬರಹವೆಂದು ಹೇಳಿಕೊಡಬೇಕು, ಆಗ ಮಾತ್ರ ಅದು ಅವನಿಗೆ ಹೇಳುತ್ತದೆ. ಇನ್ನೊಂದು ಪುಟದಲ್ಲಿ ಏಳು ಕಡೆ 'ಇಲ್ಲಿ ಒತ್ತಿ' ಎಂದು ಹಾಕಿದ್ದೆ. ದನಿ ಏಳು ಸಲ ಅದನ್ನೇ ಹೇಳಿತು. "ಇಲ್ಲಿ ಒತ್ತಿ, ಇಲ್ಲಿ ಒತ್ತಿ ಅಂತದ. ಎಲ್ಲಿ ಒತ್ಲಿ ಸರ, ನಿಮ್ಮ ಕುತಗಿ ಒತ್ಲೇನು?" ಒಂದು ಸಂಸ್ಥೆಯ ಅಧ್ಯಕ್ಷರ ಭಾವಚಿತ್ರಕ್ಕೆ ವಿವರಣೆ ಬರೆದಿರಲಿಲ್ಲ. ಯಂತ್ರ ಚಿತ್ರದ ಕಡತದ ನಂಬರು ಓದಿತು. ಅವನು ಎದ್ದು ನಿಂತು ಕಪ್ಪು ಪರದೆಗೆ ಕೈಮುಗಿದು, "ಐಎಂಜಿ ನಾಕು ಸೊನ್ನಿ ಏಳು ಸಾಹೇಬ್ರಿಗೆ ಶರಣ್ರಿ," ಅಂದ.

ತಪ್ಪು ತೋರಿಸುವಾಗ ಅವನು ಕುರ್ಚಿಯ ಮಾತನ್ನೇ ಆಡುತ್ತಿದ್ದ. ಹೆಣೆದು ಮುಗಿಸಿದ ಕುರ್ಚಿಯ ಅಡಿಗೆ ಅಂಗೈ ಇಟ್ಟು ಒಂದೊಂದು ತೂತನ್ನೂ ಸವರುವುದು ಅವನ ಪದ್ಧತಿ. "ಮ್ಯಾಲಿಂದ ನೋಡಿದ್ರ ಎಲ್ಲಾ ಕುರ್ಚಿನೂ ಛಲೋನ ಇರ್ತಾವ ಸರ. ಕುಂತವಗ ಗೊತ್ತಾಗ್ತದ."

ಕುರ್ಚಿಗಳೆಲ್ಲ ಪ್ಲಾಸ್ಟಿಕ್ ಆದವು. ಬೆತ್ತದ ಕೆಲಸ ವರ್ಷಕ್ಕೆ ಹತ್ತು ಕುರ್ಚಿಗೆ ಇಳಿಯಿತು. "ರಾಯಚೂರಿನ ಸಾಹೇಬ್ರೆಲ್ಲ ನಾ ಹೆಣದ ಕುರ್ಚಿ ಮ್ಯಾಲ ಕುಂತು ರಿಟೈರ್ ಆದ್ರು. ನಾ ಕೂಡೋ ಕುರ್ಚಿ ಯಾವನೂ ಹೆಣೀಲಿಲ್ಲ," ಎಂದು ಒಮ್ಮೆ ಹೇಳಿದ್ದ. ಅವನಿಗೊಂದು ಕೆಲಸ ಬೇಕಿತ್ತು. ಬಾಯಿಬಿಟ್ಟು ಕೇಳುವವನಲ್ಲ.

ಆಗ ಮಾನ್ವಿಯ ಒಂದು ಟ್ರಸ್ಟಿನ ವೆಬ್‌ಸೈಟ್ ಮಾಡುವ ಕೆಲಸ ನನಗೆ ಬಂತು. ಅಂಧ ಮಕ್ಕಳ ವಸತಿಶಾಲೆ ನಡೆಸುವವರು. ಕಣ್ಣಿಲ್ಲದವರು, ಕಿವಿ ಕೇಳದವರು, ಕೈ ನಡುಗುವವರು, ಎಲ್ಲರೂ ತಾವೇ ಬಳಸುವಂತಿರಬೇಕು ಎಂದರು. ನಾಲ್ಕು ಶನಿವಾರ ಅವನು ಅದನ್ನು ಸವರಿ ಸವರಿ ನೋಡಿದ. ಕೊನೆಗೆ, "ಈಗ ಕೂಡಬಹುದು ಸರ, ಬರೋಬ್ಬರಿ ಆಗ್ಯದ," ಅಂದ.

ಆಮೇಲೆ ಟ್ರಸ್ಟಿನವರು ಒಬ್ಬ ಶಿಕ್ಷಕ ಬೇಕೆಂದು ಪ್ರಕಟಿಸಿದರು. ಮಕ್ಕಳಿಗೆ ಬೆತ್ತದ ಹೆಣಿಗೆಯನ್ನೂ ಕಂಪ್ಯೂಟರನ್ನೂ ಕಲಿಸುವವರು. ನಲವತ್ತರೊಳಗಿನವರು. ಅರ್ಜಿ ವೆಬ್‌ಸೈಟಿನಲ್ಲೇ. ಕಾರ್ಯದರ್ಶಿ ಫೋನ್ ಮಾಡಿ, ಜನ ಅರ್ಜಿ ಅರ್ಧ ತುಂಬಿ ಹಾಗೇ ಬಿಡುತ್ತಾರೆ, ಅದಕ್ಕೊಂದು ಕಟ್ಟುಪಾಡು ಇರಲಿ ಎಂದರು. "ಹತ್ತು ನಿಮಿಷ ಇಡೋಣ," ಅಂದವನು ನಾನೇ. ಹತ್ತು ನಿಮಿಷದಲ್ಲಿ ಮುಗಿಸದಿದ್ದರೆ ಅರ್ಜಿ ತಾನೇ ಖಾಲಿಯಾಗುತ್ತದೆ, 'ಸಮಯ ಮುಗಿದಿದೆ' ಎಂಬ ಕೆಂಪು ಅಕ್ಷರದ ಚಿತ್ರ ಬರುತ್ತದೆ. ಅವನು ಪರೀಕ್ಷಿಸಿ ಹೋದ ಮೇಲೆ ಸೇರಿಸಿದ್ದು ಇದೊಂದೇ. ಚಿತ್ರಕ್ಕೆ ವಿವರಣೆ ಬರೆಯಬೇಕೆಂದು ಅವನೇ ಕಲಿಸಿದ್ದ. ಈ ಒಂದಕ್ಕೆ ಬರೆಯಲಿಲ್ಲ.

ಅವನು ಅರ್ಜಿ ಹಾಕುತ್ತಾನೆ, ಕೆಲಸ ಅವನದೇ ಎಂದು ನಾನು ನಿಶ್ಚಿಂತನಾಗಿದ್ದೆ. ಕೇಳಲಿಲ್ಲ. ಕೇಳಿದರೆ ಶಿಫಾರಸು ಮಾಡಿದಂತಾಗುತ್ತದೆ ಎಂಬ ನೇಮ ನನ್ನದು. ಆ ತಿಂಗಳ ಕೊನೆಯ ಶನಿವಾರ ಬಂದಾಗ ಅವನೂ ಆ ಮಾತು ತೆಗೆಯಲಿಲ್ಲ. ಮಂಡಾಳ ಒಗ್ಗರಣೆ ತಟ್ಟೆಯಲ್ಲೇ ಉಳಿದಿತ್ತು.

ಪ್ರತಿ ತಿಂಗಳ ಒಂದನೇ ತಾರೀಖು ವೆಬ್‌ಸೈಟುಗಳ ಕಡತಗಳನ್ನು ತೆಗೆದು ಜೋಡಿಸಿಡುವುದು ನನ್ನ ಪದ್ಧತಿ. ಒಂದು ದಿನವೂ ಮುಂಚೆ ತೆಗೆಯುವವನಲ್ಲ. ಒಂದನೇ ತಾರೀಖು ತೆಗೆದಾಗ ಸಂದರ್ಶನ ಮುಗಿದು, ಬೇರೊಬ್ಬರಿಗೆ ನೇಮಕದ ಆದೇಶ ಹೋಗಿತ್ತು. ಪೂರ್ಣವಾಗದ ಅರ್ಜಿಗಳ ಪಟ್ಟಿಯಲ್ಲಿ ಒಂದೇ ಹೆಸರು ಮೂರು ಸಲ ಇತ್ತು. ಮೊದಲ ಸಲ ವಿಳಾಸದ ಹತ್ತಿರ ನಿಂತಿತ್ತು. ಎರಡನೆಯ ಸಲ ಪ್ರಮಾಣಪತ್ರದ ಸಂಖ್ಯೆಯ ಹತ್ತಿರ. ಮೂರನೆಯ ಸಲ ಎಲ್ಲ ಅಂಕಣಗಳೂ ತುಂಬಿದ್ದವು. 'ಸಲ್ಲಿಸು' ಎಂಬ ಗುಂಡಿಯೊಂದೇ ಬಾಕಿ.

ಮೂರನ್ನೂ ಒಂದರ ಕೆಳಗೊಂದು ನೋಡಿದೆ. ಅವನು ಅಭ್ಯಾಸ ಮಾಡಿದ್ದ. ವೇಗ ಹೆಚ್ಚಿಸಿಕೊಂಡಿದ್ದ, ನಾನು ಕಲಿಸಿದ ಹಾಗೆ.

ಕೊನೆಯ ಶನಿವಾರದವರೆಗೆ ಕಾಯಲಾಗಲಿಲ್ಲ, ಫೋನ್ ಮಾಡಿ ಕರೆಸಿದೆ. ಬಂದು ಕೂತ. ನಾನು ಹತ್ತು ನಿಮಿಷದ ವಿಷಯ ಹೇಳಿದೆ.

"ಗೊತ್ತದ ಸರ," ಅಂದ. "ಮದಲನೇ ಸಲ ಖಾಲಿ ಆದಾಗ ನಂದೇ ಏನೋ ತಪ್ಪು ಅಂದ್ಕೊಂಡೆ. ಪುಟ ಏನೂ ಮಾತಾಡಲಿಲ್ಲ ನೋಡ್ರಿ. ಎರಡನೇ ಸಲ ಫೋನಿನ್ಯಾಗ ಟೈಮ್ ಕೇಳಿಕೊಂಡು ಕುಂತೆ. ಬರೋಬ್ಬರಿ ಹತ್ತು ನಿಮಿಷ. ಆಗ ತಿಳೀತು, ಇದು ನಮ್ಮ ಸರ್ ಗಂಟಿ ಅಂತ. ಈ ಸಲ ಸಪ್ಪಳ ಮಾಡಲಿಲ್ಲ, ಅಷ್ಟೇ."

"ನನಗ ಯಾಕ ಹೇಳಲಿಲ್ಲೋ ತಮ್ಮಾ? ಒಂದು ಫೋನ್ ಮಾಡಿದ್ರ ತಗದುಬಿಡ್ತಿದ್ದೆ."

"ಪರೀಕ್ಷಾ ನಡದಾಗ ಮಾಸ್ತರನ್ನ ಕೇಳಬಾರದು ಅಂತ ನೀವೇ ಹೇಳೀರಿ." ಅದರಲ್ಲಿ ಕುಹಕವಿರಲಿಲ್ಲ. ಹೆಬ್ಬೆರಳು ತೀಡುತ್ತಿದ್ದ. "ಮೂರನೇದು ದೇವದುರ್ಗ ಬಸ್ ಸ್ಟ್ಯಾಂಡಿನ್ಯಾಗ ಕುಂತು ಮೊಬೈಲಿನ್ಯಾಗ ಮಾಡಿದೆ, ಅಲ್ಲಿ ನೆಟ್‌ವರ್ಕ್ ಛಲೋ ಅದ ಅಂತ. ಮುಗಿಸಿದ್ದೆ ಸರ. ಆರ್ಕೇರಾಕ್ಕ ಹೋಗೋ ಬಸ್ಸೊಂದು ಹಾರ್ನ್ ಹೊಡೀತು. ಗುಂಡಿ ಎಲ್ಲಿ ಅಂತ ಹೇಳೋದು ಕೇಳಲಿಲ್ಲ. ಇನ್ನೊಮ್ಮೆ ಕೇಳೋದ್ರಾಗ ಖಾಲಿ ಆತು."

ಮರುದಿನ ಮೊದಲ ಬಸ್ಸಿಗೆ ಮಾನ್ವಿಗೆ ಹೋದೆ. ತಪ್ಪು ನನ್ನದು, ಇನ್ನೊಂದು ಅವಕಾಶ ಕೊಡಿ ಎಂದು ಕಾರ್ಯದರ್ಶಿಯ ಮುಂದೆ ನಿಂತೆ. ಅವರು ಒಳ್ಳೆಯವರು. ನೊಂದುಕೊಂಡರು. ಆದರೆ ಆದೇಶ ಹೋಗಿತ್ತು, ಮುಂದಿನ ವರ್ಷಕ್ಕೆ ಅವನಿಗೆ ನಲವತ್ತು ದಾಟುತ್ತಿತ್ತು. "ಏನ್ ಮಾಡೋದ್ರಿ ಸರ್, ನಿಯಮ ಅಂದ್ರ ನಿಯಮ," ಅಂದರು. ಆ ವಾಕ್ಯವನ್ನು ಮೂವತ್ತು ವರ್ಷ ಹೇಳಿದ್ದೆ. ಎದುರು ನಿಂತು ಕೇಳಿದ್ದು ಅದೇ ಮೊದಲು.

ಹತ್ತು ನಿಮಿಷದ ಕಟ್ಟನ್ನು ಅಂದೇ ತೆಗೆದೆ. ಶನಿವಾರ ಬಂದು ಅವನೇ ಪರೀಕ್ಷಿಸಿದ, ತನಗೆ ಇನ್ನೆಂದೂ ಬೇಕಾಗದ ಆ ಅರ್ಜಿಯನ್ನು. ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಇಪ್ಪತ್ತೈದು ನಿಮಿಷ ತೆಗೆದುಕೊಂಡು ತುಂಬಿ 'ಸಲ್ಲಿಸು' ಒತ್ತಿದ. 'ನಿಮ್ಮ ಅರ್ಜಿ ತಲುಪಿದೆ' ಎಂದು ದನಿ ಹೇಳಿತು. ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಸರ, ಆ ಗಂಟಿ ನನಗ ಕೊಡ್ರಿ," ಅಂದ.

"ಏನ್ ಮಾಡ್ತೀ?"

"ಮನಿ ಬಾಗಲಕ್ಕ ಕಟ್ತೀನಿ. ಯಾರರ ಬಂದ್ರ ಗೊತ್ತಾಗ್ತದ. ಇಲ್ಲಿ ಅದರ ಕೆಲಸ ಮುಗೀತು."

ಬಿಚ್ಚಿ ಕೊಟ್ಟೆ. ಬೀದಿಯಲ್ಲಿ ಅವನು ಬಸ್ ನಿಲ್ದಾಣದ ಕಡೆ ನಡೆದಂತೆ ಚೀಲದೊಳಗೆ ಅದು ಟಣ್ ಟಣ್ ಎನ್ನುತ್ತಾ ದೂರವಾಯಿತು.

ಎರಡು ವರ್ಷದ ಹಿಂದೆ, ಮೂರು ದಿನದ ಜ್ವರದಲ್ಲಿ ಅವನು ತೀರಿಕೊಂಡ. ನಾನು ಈಗಲೂ ವೆಬ್‌ಸೈಟ್ ಮಾಡುತ್ತೇನೆ. ಮಾಡಿ ಮುಗಿಸಿದ ಮೇಲೆ ಮಾನಿಟರ್ ಆರಿಸಿ ಅವನು ಕೂರುತ್ತಿದ್ದ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ದನಿಯ ವೇಗ ಅವನು ಇಟ್ಟದ್ದೇ ಇದೆ, ಇಳಿಸಿಲ್ಲ. ಮೊದಮೊದಲು ಸಾಸಿವೆ ಸಿಡಿದಂತೆ ಕೇಳುತ್ತಿದ್ದದ್ದು ಈಗ ಅಲ್ಲೊಂದು ಇಲ್ಲೊಂದು ಮಾತಾಗುತ್ತಿದೆ. ಕಪ್ಪು ಗಾಜಿನಲ್ಲಿ ತಲೆ ವಾಲಿಸಿದ ಒಂದು ಮುಖ ಕಾಣುತ್ತದೆ. ನನ್ನದೇ ಎಂದು ಗೊತ್ತಿದ್ದೂ ಪ್ರತಿ ಸಲ ಹಿಂದಿರುಗಿ ನೋಡುತ್ತೇನೆ. ಅರ್ಜಿಯ ಪುಟ ಬಂದಾಗ ಕೈ ತಾನಾಗಿ ಅವಸರ ಮಾಡುತ್ತದೆ, ಯಾವ ಗಡುವೂ ಇಲ್ಲದಿದ್ದರೂ. ಹತ್ತನೆಯ ನಿಮಿಷಕ್ಕೆ ಕಿವಿ ನಿಮಿರುತ್ತದೆ. ಸಪ್ಪಳವಿಲ್ಲ.

ಅವನು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಗಬ್ಬೂರಿಗೆ ಹೋಗಿದ್ದೆ. ಅಂತ್ಯಕ್ರಿಯೆ ಮುಗಿದಿತ್ತು. ಬಾಗಿಲು ಮುಂದಕ್ಕೆ ಹಾಕಿತ್ತು, ಒಳಗೆ ಹೆಂಗಸರ ಮಾತು ಕೇಳಿಸುತ್ತಿತ್ತು. ಬಾಗಿಲನ್ನು ಮೆಲ್ಲಗೆ ದೂಡಿದೆ. ತಲೆಯ ಮೇಲೆ ಗಂಟೆ ಬಡಿಯಿತು. ಒಳಗಿನ ಮಾತು ಒಮ್ಮೆಲೇ ನಿಂತಿತು. ನನ್ನ ಎರಡೂ ಕೈಗಳು, ನನ್ನನ್ನು ಕೇಳದೆ, ಎದೆಯ ಮಟ್ಟಕ್ಕೆ ಎದ್ದು ನಿಂತವು.

ಅವನ ತಾಯಿ ಕಂಬಕ್ಕೊರಗಿ ಕೂತಿದ್ದಳು. ನಾನು ಕೈಮುಗಿಯುತ್ತಿದ್ದೇನೆಂದು ತಿಳಿದು ತಾನೂ ಕೈಮುಗಿದಳು. "ಬರ್ರಿ ಸರ," ಅಂದಳು, "ಗಂಟಿ ಬಡದ್ರ ಸಾಕು, ಯಾರು ಬಂದಾರ ಅಂತ ಅವನೇ ಹೇಳ್ತಿದ್ದ."

ನಾನು ಕೈ ಇಳಿಸಲಿಲ್ಲ.