ಗುಡ್ ಫ್ರೈಡೇ ದಿನ ಅರೆದ ಮಸಾಲೆ

ನಾನು ‘ಎಮರ್ಜೆನ್ಸಿ’ ಎಂದೆ. ಎಮಿಲಿಯಾಬಾಯಿ ಎದ್ದುಹೋಗಿ ಮಿಕ್ಸಿ ಹಾಕಿದರು. ಜಾರಿನಲ್ಲಿ ಏನೂ ಇರಲಿಲ್ಲ!

ಇದು ನಡೆದದ್ದು ಕಳೆದ ಶುಕ್ರವಾರ, ಇಲ್ಲಿ ಗಲ್ಫಿನ ಬುಸೈತೀನ್‌ನಲ್ಲಿ, ಅವರ ಮಗಳು ಶೀಲಾಳ ಫ್ಲ್ಯಾಟಿನಲ್ಲಿ. (ಶೀಲಾ ನರ್ಸ್, ಶುಕ್ರವಾರ ರಜೆ ಸಿಕ್ಕಿದ್ದೇ ಪುಣ್ಯ.) ಅಮ್ಮ ಬರೆದ ಆತ್ಮಕಥೆಯನ್ನು ಅಚ್ಚಿಗೆ ಮೊದಲು ತಿದ್ದಿಕೊಡಿ ಎಂದು ನನ್ನನ್ನು ಕರೆದಿದ್ದಳು.

“ಅಮ್ಮಾ, ಮಿಕ್ಸಿ ಸುಟ್ಟುಹೋಗ್ತದೆ!” ಶೀಲಾ ಸ್ವಿಚ್ ಆರಿಸಿದಳು. “ನೋಡಿ ಸರ್, ಇನ್ನೂ ಬಿಟ್ಟಿಲ್ಲ ಇವರು.”

ಹಿನ್ನೆಲೆ ಇಷ್ಟು. ಎಮರ್ಜೆನ್ಸಿಯಲ್ಲಿ ಇವರ ಗಂಡ ಮಂಗಳೂರಿನ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸರ್ಕಾರದ ವಿರುದ್ಧ ಕರಪತ್ರ ಹಂಚುವವರು ಇವರ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಮಾತು ಹೊರಗೆ ಕೇಳಬಾರದೆಂದು ಎಮಿಲಿಯಾಬಾಯಿ ಕಲ್ಲಿನಲ್ಲಿ ಮಸಾಲೆ ಅರೆಯುತ್ತಿದ್ದರು. ಗರಗರ.

ಗುಡ್ ಫ್ರೈಡೇ ದಿನವೂ ಅರೆದರು. ಅಂದು ಕ್ರೈಸ್ತರ ಮನೆಯಲ್ಲಿ ಉಪವಾಸ. ಹೆಚ್ಚೆಂದರೆ ಗಂಜಿ, ಉಪ್ಪಿನಕಾಯಿ. “ಇವತ್ತು ಆ ಮನೆಯಲ್ಲಿ ಯಾರಿಗಪ್ಪ ಕೋಳಿಸಾರು?” ಪಕ್ಕದ ಮನೆಯಾಕೆ ನಗುತ್ತಾ ಆಡಿದ ಮಾತು ಊರು ಸುತ್ತಿ ಠಾಣೆ ಮುಟ್ಟಿತು. ಗಂಡ ಜೈಲಿಗೆ ಹೋದರು. ಬಿಡುಗಡೆಯಾಗಿ ಬಂದವರು ಹೆಚ್ಚು ಕಾಲ ಬದುಕಲಿಲ್ಲ.

“ಈ ಪುಟ ತೆಗೀರಿ ಸರ್. ಪಪ್ಪನನ್ನು ಹಿಡಿಸಿಕೊಟ್ಟದ್ದು ಅಮ್ಮನೇ ಅಂತ ಜನ ಆಡಿಕೊಳ್ತಾರೆ.”

“ತೆಗೆದ್ರೆ ಪುಸ್ತಕವೇ ಬೇಡ,” ಎಂದರು ಅಮ್ಮ.

ನಾನೋ, ಇತಿಹಾಸದ ಎಂ.ಎ. ಸಂಶಯ ನನ್ನ ಕಸುಬು. (ನಿನ್ನೆ ಕಾರು ಎಲ್ಲಿ ಪಾರ್ಕ್ ಮಾಡಿದೆ ಎಂಬುದೂ ನನಗೆ ಖಾತ್ರಿಯಿರುವುದಿಲ್ಲ, ನಿಮಗೆ ಗೊತ್ತಲ್ಲ.) ಕೇಳಿಯೇಬಿಟ್ಟೆ: “ಅದು ಗುಡ್ ಫ್ರೈಡೇನೇ ಅಂತ ಹೇಗೆ ಹೇಳ್ತೀರಿ? ನೆನಪು ಮೋಸ ಮಾಡ್ತದೆ.”

“ನಿಮಗೆ ಆ ಕಾಲದ್ದು ಏನು ನೆನಪುಂಟು?”

“ಸಣ್ಣವನಿದ್ದೆ. ಆದ್ರೂ ರೈಲು ಕರೆಕ್ಟ್ ಟೈಮಿಗೆ ಬರ್ತಿದ್ದದ್ದು ಚೆನ್ನಾಗಿ ನೆನಪುಂಟು.”

“ಯಾವೂರು ನಿಮ್ಮದು?”

“ಬೈಂದೂರು.”

“ಬೈಂದೂರಿಗೆ ಆಗ ರೈಲು ಎಲ್ಲಿತ್ತು ಮಾರಾಯ್ರೆ?”

ಶೀಲಾ ನಕ್ಕುಬಿಟ್ಟಳು. ನಾನು ಬೆವೆತೆ, ಎ.ಸಿ. ಕೆಳಗೇ. ನಮ್ಮೂರಿಗೆ ಹಳಿ ಬಂದದ್ದು ನನ್ನ ಡಿಗ್ರಿ ಮುಗಿದ ಮೇಲೆ!

ಪುಟ ಉಳಿಯಿತು. ಶೀಲಾ ತಾನೇ ಅದನ್ನು ಕಟ್ಟಿನೊಳಗೆ ಸೇರಿಸಿ ನನ್ನ ಕೈಗಿತ್ತಳು. ನನಗೂ ಈಗ ಸಂಶಯವಿಲ್ಲ. ತನ್ನನ್ನೇ ಚುಚ್ಚುವ ನೆನಪನ್ನು ಯಾರಾದರೂ ಕಡ ತರುತ್ತಾರೆಯೇ? ನಾವು ಕಡ ತರುವುದು ಸುಖದ ನೆನಪುಗಳನ್ನು.

ಅದಿರಲಿ. ರೈಲೇ ಇಲ್ಲದ ಊರಿನ ಹುಡುಗನ ತಲೆಯೊಳಗೆ ಅಷ್ಟು ಕರೆಕ್ಟ್ ಟೈಮಿಗೆ ರೈಲು ಓಡಿಸಿದವರು ಯಾರು?